ರುದ್ರಭೂಮಿಗೊಂದು ಚೈನ್‌ಸಾ

“ತಿಂಗಳಿಗೆ ಎಷ್ಟು ಸಲ ಬೇಕಾಗ್ತದೆ ನಿಮಗೆ?” ಉಡುಪಿಯ ಕೃಷಿ ಯಂತ್ರಗಳ ಅಂಗಡಿಯವರು ಕೇಳಿದರು. ತಪ್ಪು ಪ್ರಶ್ನೆಯೇನಲ್ಲ. ದಿನಾ ಮರ ಕಡಿಯುವವರಿಗೆ ಒಂದು ಜಾತಿಯ ಚೈನ್‌ಸಾ, ಅಪರೂಪಕ್ಕೆ ಬೇಕಾಗುವವರಿಗೆ ಇನ್ನೊಂದು. ಕೊಳ್ಳಲು ಬಂದವರನ್ನು ಮೊದಲು ಕೇಳುವುದೇ ಅದನ್ನು.

“ಹೇಳಲಿಕ್ಕೆ ಬರುವುದಿಲ್ಲ,” ಎಂದೆ.

“ಅಂದಾಜು ಹೇಳಿ ಮಾರಾಯ್ರೆ. ತೋಟಕ್ಕಾ?”

“ಅಲ್ಲ. ರುದ್ರಭೂಮಿಗೆ.”

ಅವರು ಮೆಷಿನ್ನಿನ ಹಿಡಿಯ ಮೇಲೆ ಇಟ್ಟಿದ್ದ ಕೈಯನ್ನು ಮೆಲ್ಲನೆ ತೆಗೆದರು. ಬೆಲೆಪಟ್ಟಿಯನ್ನು ನನ್ನ ಕೈಗೆ ಕೊಡುವ ಬದಲು ಮೇಜಿನ ಮೇಲಿಟ್ಟು ನನ್ನ ಕಡೆಗೆ ಸರಿಸಿದರು. ನನಗೆ ನಗು ಬಂತು. ಆಗ ಬಂತು, ಈಗ ನೆನೆಸಿಕೊಂಡರೆ ಬರುವುದಿಲ್ಲ.

ಹೊಟ್ಟೆಪಾಡಿಗೆ ನಾನು ಮನೆಗಳ ವೈರಿಂಗ್ ಮಾಡುವವನು. ಕಾಪುವಿನ ಹತ್ತಿರದ ನಮ್ಮ ಊರಿನ ರುದ್ರಭೂಮಿ ಸಮಿತಿಗೆ ಕಾರ್ಯದರ್ಶಿಯೂ ಹೌದು. ಆ ಕುರ್ಚಿಗೆ ಪೈಪೋಟಿ ಇಲ್ಲ. ಒಮ್ಮೆ ಕುಳಿತವನನ್ನು ಯಾರೂ ಏಳು ಎನ್ನುವುದಿಲ್ಲ. ಸಾವಿನ ಸುದ್ದಿ ಬಂದ ತಕ್ಷಣ ಮರ, ಕಟ್ಟಿಗೆ, ತೆಂಗಿನ ಗೆರಟೆ, ಹೊರುವ ಜನ, ಎಲ್ಲವನ್ನೂ ಹೊಂದಿಸುವುದು ನನ್ನ ತಲೆಗೆ ಸೇರಿದ್ದು.

ನಮ್ಮಲ್ಲಿ ಚಿತೆಗೆ ಮಾವಿನ ಮರ ಆಗಬೇಕು. ಸತ್ತವರ ಹಿತ್ತಿಲಿನದೇ ಆದರೆ ಒಳ್ಳೆಯದು, ಇಲ್ಲದಿದ್ದರೆ ನೆರೆಯವರು ಕೊಡುತ್ತಾರೆ. ಉಳಿದ ಕಟ್ಟಿಗೆ ಏನಾದರೂ ಇರಲಿ, ಮಾವು ಇರಲೇಬೇಕು. ಮತ್ತು ಉಸಿರು ನಿಲ್ಲುವ ಮೊದಲು ಆ ಮರಕ್ಕೆ ಏಟು ಬೀಳಬಾರದು. ಕಡಿದು ಒಣಗಿಸಿ ಇಟ್ಟುಕೊಳ್ಳುವ ಮಾತೇ ಇಲ್ಲ. ಸುದ್ದಿ ಬಂದ ಮೇಲೆ, ದೂರದ ನೆಂಟರು ಬಂದು ಮುಟ್ಟುವುದರೊಳಗೆ, ಮರ ನೆಲಕ್ಕೆ ಬಿದ್ದು ತುಂಡಾಗಬೇಕು. ಕೊಡಲಿಯಲ್ಲಿ ಅಷ್ಟು ಬೇಗ ಕಡಿಯುವ ತೋಳುಗಳು ಊರಿನಲ್ಲಿ ಈಗ ಉಳಿದಿಲ್ಲ.

ಇಷ್ಟು ಕಾಲ ಉದ್ಯಾವರದ ಕಡೆಯ ಒಬ್ಬರು ತಮ್ಮದೇ ಮೆಷಿನ್ ತಂದು ಕಡಿದುಕೊಡುತ್ತಿದ್ದರು. ಅವರಿಗೆ ಘಟ್ಟದ ಮೇಲೆ ಅಕೇಶಿಯಾ ಕಡಿಯುವ ದೊಡ್ಡ ಗುತ್ತಿಗೆ ಸಿಕ್ಕಿತು. ಫೋನ್ ಮಾಡಿದರೆ, “ನಾಳೆ ಬರ್ತೇನೆ, ಇಟ್ಟುಕೊಳ್ಳಿ” ಎನ್ನತೊಡಗಿದರು. ಇಟ್ಟುಕೊಳ್ಳಲು ಅದೇನು ಉಪ್ಪಿನಕಾಯಿಯೇ? ಸಮಿತಿಯದ್ದೇ ಒಂದು ಚೈನ್‌ಸಾ ಇರಲಿ ಎಂದು ತೀರ್ಮಾನವಾಯಿತು. ನಡೆಸಲು ಒಪ್ಪಿದವನು ಗದಗ ಕಡೆಯಿಂದ ಬಂದು ನಮ್ಮಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ ಮೇಸ್ತ್ರಿ. ಹೆಂಡತಿ ಮಕ್ಕಳೊಂದಿಗೆ ಹೆದ್ದಾರಿಯ ಬದಿಯ ಬಾಡಿಗೆ ಕೋಣೆಯಲ್ಲಿದ್ದ. ಗಟ್ಟಿಮುಟ್ಟಾದ ಆಳು, ಮರ ಕಡಿದು ಅಭ್ಯಾಸವಿತ್ತು.

ಅವನು ಒಪ್ಪಿದ ಮರುದಿನವೇ ಅವನ ಹೆಂಡತಿ ನಮ್ಮ ಮನೆಗೆ ಬಂದಳು. ಅಂಗಳದಲ್ಲೇ ನಿಂತು ಹೇಳಿದಳು: “ಅಣ್ಣಾರ, ಹೆಣದ ಕೆಲಸ ಅಂತ ನನಗ ಅಂಜಿಕಿ ಇಲ್ರಿ. ಆ ಮಷಿನ್ನಿಂದ ಅಂಜಿಕಿ. ಅವರ ಕೈಕಾಲಿಗೆ ಏನರೆ ಆದ್ರ ಇಲ್ಲೆ ನಮಗ ಯಾರದಾರ್ರಿ?”

“ನಾನಿದ್ದೇನಲ್ಲ,” ಎಂದುಬಿಟ್ಟೆ. ಹೇಳುವುದು ಸುಲಭ. ಅಂದಿನಿಂದ ಅವನ ಮೈಗೆ ಒಂದು ಗೀರೂ ಬೀಳಬಾರದು ಎಂಬುದೊಂದೇ ನನ್ನ ತಲೆಯೊಳಗೆ ಕುಳಿತುಬಿಟ್ಟಿತು.

ಸಮಿತಿಯ ಅಧ್ಯಕ್ಷರು ನಿವೃತ್ತ ಬ್ಯಾಂಕ್ ಅಧಿಕಾರಿ. ಅವರು ಮೊಬೈಲಿನಲ್ಲೇ ಮೆಷಿನ್ ಹುಡುಕಿ ಇಟ್ಟಿದ್ದರು. “ನೋಡಿ, ಚೈನ್ ಓಡುವ ಬಾರ್ ಎಷ್ಟು ಉದ್ದ ಉಂಟು! ಇಂಜಿನ್ನೂ ದೊಡ್ಡದು. ಅಂಗಡಿಯ ಅರ್ಧ ಬೆಲೆ. ಮನೆಗೇ ತಂದು ಕೊಡ್ತಾರೆ.”

“ಹಾಳಾದರೆ ಎಲ್ಲಿಗೆ ಕೊಂಡುಹೋಗುವುದು?”

“ವಾರಂಟಿ ಉಂಟಲ್ಲ.”

“ವಾರಂಟಿ ಕಾರ್ಡ್ ತೋರಿಸಿ, ಸ್ವಲ್ಪ ದಿನ ಕಾಯಿರಿ ಅಂತ ಹೆಣಕ್ಕೆ ಹೇಳುವುದಾ?”

ಅವರಿಗೆ ಸಿಟ್ಟು ಬಂತು. ನನ್ನ ನಾಲಗೆ ಯಾವಾಗಲೂ ಹೀಗೆಯೇ. ಇನ್ನೊಬ್ಬ ಸದಸ್ಯರು ಬ್ಯಾಟರಿಯ ಮೆಷಿನ್ ಆಗಬಹುದು ಎಂದರು. ಶಬ್ದವಿಲ್ಲ, ಹೊಗೆಯಿಲ್ಲ, ಪೆಟ್ರೋಲ್ ಬೇಡ. ಆದರೆ ಹಸಿ ಮಾವಿನ ದಪ್ಪ ಬುಡದ ನಡುವೆ ಬ್ಯಾಟರಿ ಕೈಕೊಟ್ಟರೆ ಅಲ್ಲಿಗೆ ಮುಗಿಯಿತು. ಮೇಲಾಗಿ ಅದನ್ನು ಯಾರಾದರೂ ತಮ್ಮ ಮನೆಯಲ್ಲಿ ಚಾರ್ಜಿಗೆ ಇಡಬೇಕು. ಯಾರು ಇಡುತ್ತೀರಿ ಎಂದು ಕೇಳಿದೆ. ಎಲ್ಲರೂ ಫ್ಯಾನ್ ನೋಡಿದರು.

ಕೊನೆಗೆ ಕಾರ್ಕಳಕ್ಕೆ ಹೋದೆ. ಅಲ್ಲಿ ಕಲ್ಲುಕೋರೆಯ ಯಂತ್ರ, ನೀರಿನ ಪಂಪು, ಚೈನ್‌ಸಾ ಎಲ್ಲ ರಿಪೇರಿ ಮಾಡುವ, ಹೊಸದನ್ನು ಮಾರುವ ಒಬ್ಬ ಮೆಕ್ಯಾನಿಕ್ ಇದ್ದಾರೆ. ಗಂಟಲು ದೊಡ್ಡದು, ಎದುರಿನವರಿಗೆ ಮಾತಾಡಲು ಬಿಡುವುದಿಲ್ಲ. ರುದ್ರಭೂಮಿಗೆ ಎಂದರೂ ಅವರು ಕೈ ಹಿಂದೆಗೆಯಲಿಲ್ಲ.

“ಅಪರೂಪಕ್ಕೆ ಹಿಡಿಯುವವನಿಗೆ ದೊಡ್ಡ ಮೆಷಿನ್ ಕೊಡಬೇಡಿ. ತೋಳು ಸೋಲ್ತದೆ. ಸೋತ ತೋಳಿನಲ್ಲಿ ಮೆಷಿನ್ ಯಜಮಾನ ಆಗ್ತದೆ. ತೀರಾ ಚಿಕ್ಕದೂ ಬೇಡ, ಮರ ಕೊಯ್ಯುವುದಿಲ್ಲ ಅಂತ ಒತ್ತುತ್ತಾನೆ. ಒತ್ತಿದರೆ ಕೆಲಸ ಕೆಟ್ಟಿತು,” ಎಂದು ಮಧ್ಯಮ ಗಾತ್ರದ್ದೊಂದನ್ನು ಎತ್ತಿ ಮೇಜಿನ ಮೇಲಿಟ್ಟರು. ಐವತ್ತು ಸಿಸಿಗಿಂತ ಸ್ವಲ್ಪ ಕಡಿಮೆಯ ಇಂಜಿನ್, ಹದಿನೆಂಟು ಇಂಚಿನ ಬಾರ್, ಐದು ಕಿಲೋ ಆಸುಪಾಸಿನ ತೂಕ. ನಡುಕ ಕೈಗೆ ಹತ್ತದಂತೆ ಹಿಡಿಗೆ ಸ್ಪ್ರಿಂಗ್. ಚೈನಿಗೆ ತಾನಾಗಿ ಎಣ್ಣೆ ಹಾಕುವ ಪಂಪು. ಬಿಡಿಭಾಗ ಎಲ್ಲವೂ ಅವರಲ್ಲೇ ಸಿಗುತ್ತಿತ್ತು.

“ಮುಖ್ಯ ಇದು,” ಎಂದು ಮುಂದಿನ ಹಿಡಿಯ ಎದುರಿಗಿದ್ದ ಕಪ್ಪು ತಡೆಯನ್ನು ಬೆರಳಿನಿಂದ ಮುಂದಕ್ಕೆ ತಳ್ಳಿದರು. ಟಕ್ ಎಂದಿತು. “ಬ್ರೇಕ್. ಬಾರಿನ ಮೂತಿ ಉಂಟಲ್ಲ, ಅದರ ಮೇಲಿನ ಭಾಗ ಗಟ್ಟಿಯಾದದ್ದಕ್ಕೆ ತಾಗಿದರೆ ಇಡೀ ಬಾರ್ ಹಿಂದಕ್ಕೆ ಹಾರ್ತದೆ. ಎಲ್ಲಿಗೆ ಹಾರ್ತದೆ ಗೊತ್ತುಂಟಾ?” ತಮ್ಮ ಕುತ್ತಿಗೆಯ ಮೇಲೆ ಬೆರಳು ಎಳೆದು ತೋರಿಸಿದರು. “ಹಾರುವಾಗ ಕೈ ಈ ತಡೆಗೆ ಬಡಿಯುತ್ತದೆ, ಚೈನ್ ಅಲ್ಲೇ ನಿಲ್ತದೆ. ನಿಲ್ಲದಿದ್ದರೆ ಮುಗೀತು.”

ಆಮೇಲೆ ಇನ್ನೊಂದು ಮಾತು ಹೇಳಿದರು. ಕೆಲಸ ಮಾಡಿ ಹಾಳಾದ ಮೆಷಿನ್ ತಮ್ಮಲ್ಲಿಗೆ ಬರುವುದು ಕಡಿಮೆ, ಸುಮ್ಮನೆ ಕುಳಿತು ಹಾಳಾದದ್ದೇ ಹೆಚ್ಚು ಎಂದು. ಈಗಿನ ಪೆಟ್ರೋಲ್ ನಿಂತಲ್ಲೇ ನಿಂತರೆ ಕಾರ್ಬುರೇಟರಿನಲ್ಲಿ ಅಂಟಾಗುತ್ತದೆ. ಕಡಲ ಗಾಳಿಗೆ ಬ್ರೇಕಿನ ಪಟ್ಟಿ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. “ತಿಂಗಳಿಗೊಮ್ಮೆ ಚಾಲೂ ಮಾಡಿ. ಒಂದು ತುಂಡು ಮರ ಕೊಯ್ಯಿರಿ. ಬ್ರೇಕ್ ನೋಡಿ. ಮತ್ತೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಆರುವ ತನಕ ಓಡಿಸಿ ಇಡಿ. ಇಷ್ಟು ಮಾಡಿದರೆ ಇದು ನಿಮ್ಮನ್ನೂ ನನ್ನನ್ನೂ ಸುಟ್ಟ ಮೇಲೂ ಇರ್ತದೆ.”

ಅವರದ್ದು ತಮಾಷೆ. ನಾನು ಅದನ್ನು ಹಾಗೆಯೇ ಸಮಿತಿಯ ಸಭೆಯಲ್ಲಿ ಹೇಳಿದೆ. ಯಾರೂ ನಗಲಿಲ್ಲ.

“ತಿಂಗಳಿಗೊಮ್ಮೆ ಚಾಲೂ ಮಾಡುವುದು ಎಂದರೆ?” ಅಧ್ಯಕ್ಷರು ಕೇಳಿದರು. “ಸಾವು ಇಲ್ಲದೆಯಾ?”

“ಹೌದು, ಸುಮ್ಮನೆ. ಮೆಷಿನ್ ಚೆನ್ನಾಗಿರಲಿ ಅಂತ.”

“ಅದು ಬೇರೆ ಯಾವ ಕೆಲಸಕ್ಕೂ ಇಲ್ಲದ ಮೆಷಿನ್. ಅದು ಶಬ್ದ ಮಾಡಿತು ಅಂದರೆ ಒಂದೇ ಅರ್ಥ. ಸುಮ್ಮನೆ ಶಬ್ದ ಮಾಡಿಸಿದರೆ ಕರೆದ ಹಾಗೆ ಅಲ್ವಾ?”

ನಾನು ವಾದಿಸಿದೆ. ಇಂಜಿನ್ನಿಗೆ ಸಾವು ಬದುಕು ಗೊತ್ತಾಗುವುದಿಲ್ಲ ಎಂದೆ. ಎಲ್ಲರೂ ಓದಿದವರೇ, ಒಬ್ಬರ ಮಗಳು ಮಣಿಪಾಲದಲ್ಲಿ ಡಾಕ್ಟರ್. ಆದರೂ ಮುಖಗಳು ಸಡಿಲಾಗಲಿಲ್ಲ. ಮೆಷಿನ್ನನ್ನು ರುದ್ರಭೂಮಿಯ ಶೆಡ್ಡಿನಲ್ಲಿ ಬೀಗ ಹಾಕಿ ಇಡುವುದು, ಬೀಗದ ಕೈ ಅಧ್ಯಕ್ಷರ ಬಳಿ, ಸಾವಿನ ಸುದ್ದಿ ಬಂದ ಮೇಲೆಯೇ ತೆಗೆಯುವುದು ಎಂದಾಯಿತು. ಆಯುಧಪೂಜೆಯ ದಿನ ನನ್ನ ಡ್ರಿಲ್ಲಿಂಗ್ ಮೆಷಿನ್ನಿಗೂ ಸ್ಕ್ರೂಡ್ರೈವರಿಗೂ ಹೂ ಬಿತ್ತು. ಊರಿನ ಸ್ಕೂಟರುಗಳೆಲ್ಲ ಹಾರ ಹಾಕಿಕೊಂಡು ನಿಂತವು. ಶೆಡ್ಡಿನ ಬೀಗ ತೆಗೆಯಬೇಕೆಂದು ಯಾರಿಗೂ ಅನಿಸಲಿಲ್ಲ, ಅನಿಸಿದವರೂ ಬಾಯಿ ಬಿಡಲಿಲ್ಲ.

ದೀಪಾವಳಿ ಕಳೆದು ಒಬ್ಬರು ಅಜ್ಜ ತೀರಿಕೊಂಡರು. ಮೆಷಿನ್ ಎರಡೇ ಎಳೆತಕ್ಕೆ ಎದ್ದಿತು. ಮೇಸ್ತ್ರಿ ಅದನ್ನು ಹಿಡಿದ ರೀತಿ ನೋಡಿ ನನಗೆ ಸಮಾಧಾನವಾಯಿತು. ಅಧ್ಯಕ್ಷರೇ ಬಂದು, “ಒಳ್ಳೆಯದನ್ನೇ ತಂದಿದ್ದೀರಿ ಮಾರಾಯ್ರೆ,” ಎಂದರು. ಅದಾದ ಮೇಲೆ ಊರಿನಲ್ಲಿ ಯಾರೂ ಸಾಯಲಿಲ್ಲ. ಚಳಿ ಮುಗಿಯಿತು, ಬಿಸಿಲು ಏರಿತು, ಗೇರುಹಣ್ಣಿನ ಕಾಲವೂ ಬಂತು. ಬೇರೆಯವರು ಸಂತೋಷಪಡುವ ಹೊತ್ತು ಅದು. ನಾನು ಮಾತ್ರ ಕಡಲ ಬದಿಯ ಆ ಶೆಡ್ಡಿನ ಎದುರು ಸ್ಕೂಟರ್ ನಿಧಾನ ಮಾಡಿ, ಖಾಲಿ ಮಾಡಲು ಬಿಡದೆ ಬೀಗ ಹಾಕಿದ ಟ್ಯಾಂಕಿನ ಪೆಟ್ರೋಲ್ ಒಳಗೆ ಏನಾಗುತ್ತಿರಬಹುದು ಎಂದು ಯೋಚಿಸುತ್ತಿದ್ದೆ. ಬೀಗದ ಕೈ ಕೇಳಿದಾಗಲೆಲ್ಲ ಅಧ್ಯಕ್ಷರು, “ಎಂತಕ್ಕೆ ಈಗ?” ಎನ್ನುತ್ತಿದ್ದರು.

ಮೇ ಕೊನೆಯಲ್ಲಿ ಒಂದು ಸಾವಾಯಿತು. ಶೆಡ್ ತೆರೆದರು. ಸತ್ತವರ ಮನೆಯ ಅಂಗಳದಲ್ಲಿ ಮೇಸ್ತ್ರಿ ಹಗ್ಗ ಎಳೆದ. ಏನೂ ಇಲ್ಲ. ಮತ್ತೆ ಎಳೆದ. ಪ್ಲಗ್ ಬಿಚ್ಚಿ ಒರೆಸಿ ಹಾಕಿದೆವು, ಹೊಸ ಪೆಟ್ರೋಲ್ ಬೆರೆಸಿ ತಂದೆವು. ಮನೆಯೊಳಗಿನಿಂದ ಯಾರೋ ಬಂದು, “ಆಯಿತಾ?” ಎಂದು ಕೇಳಿ ಹೋಗುತ್ತಿದ್ದರು. ಅವನ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಕಡೆಗೆ ಚೋಕ್ ಎಳೆದು, ಎಕ್ಸಿಲರೇಟರ್ ಒತ್ತಿಕೊಂಡೇ ಎಳೆದಾಗ ಒಮ್ಮೆಲೇ ಕಿರುಚಿಕೊಂಡು ಎದ್ದಿತು. ಎದ್ದದ್ದೇ ಚೈನ್ ಪೂರ್ತಿ ವೇಗದಲ್ಲಿ ಓಡಿತು. ಅವನು ತಡೆಯನ್ನು ಮುಂದಕ್ಕೆ ತಳ್ಳಿದ. ಅದು ಮುಂದಕ್ಕೆ ಹೋಯಿತು, ಆದರೆ ಟಕ್ ಎನ್ನಲಿಲ್ಲ, ಚೈನೂ ನಿಲ್ಲಲಿಲ್ಲ. ಬಾರ್ ವಾಲಿ ಅವನ ತೊಡೆಯ ಬದಿಗೆ ಸವರಿಕೊಂಡು ಹೋಯಿತು.

ಪ್ಯಾಂಟು ಮಾತ್ರ ಹರಿದಿತ್ತು. ಹರಿದ ಬಟ್ಟೆಯ ಒಳಗೆ ಚರ್ಮ ಕಾಣುತ್ತಿತ್ತು, ಕೆಂಪು ಗೆರೆಯೂ ಇರಲಿಲ್ಲ. ಅವನು ನಕ್ಕ. “ಹಳೇ ಪ್ಯಾಂಟ್ರಿ ಅಣ್ಣಾರ, ಬಿಡ್ರಿ.” ನಾನು ಮೆಷಿನ್ ಕಸಿದುಕೊಂಡು ಆರಿಸಿದೆ. ಆ ದಿನ ಪಕ್ಕದ ಊರಿನಿಂದ ಕೊಡಲಿಯವರನ್ನು ಕರೆಸಿ ಕೆಲಸ ಮುಗಿಸಿದೆವು. ಕತ್ತಲಾಗುವ ಮೊದಲು ಬೆಂಕಿ ಕೊಡಬೇಕೆಂದು ಎಲ್ಲರೂ ಅವಸರಪಡುವಾಗ ನನ್ನ ಕಣ್ಣು ಆ ಹರಿದ ಪ್ಯಾಂಟಿನ ಮೇಲೆಯೇ ಇತ್ತು.

ಮೆಷಿನ್ನನ್ನು ನೇರ ಕಾರ್ಕಳಕ್ಕೆ ಒಯ್ದೆ. ಮೆಕ್ಯಾನಿಕ್ ಬದಿಯ ಮುಚ್ಚಳ ಬಿಚ್ಚಿದರು. ಮರದ ಪುಡಿ, ಎಣ್ಣೆ, ಉಪ್ಪುಗಾಳಿ ಸೇರಿ ಬ್ರೇಕಿನ ಸುತ್ತ ಸಿಮೆಂಟಿನಂತೆ ಗಟ್ಟಿಯಾಗಿತ್ತು. ಪಟ್ಟಿ ತುಕ್ಕು ಹಿಡಿದು ಕೆಂಪಾಗಿತ್ತು. “ಇದನ್ನು ಕೈಗೆ ಕೊಟ್ಟು ಕಳಿಸಿದ್ದಾ ನೀವು? ತಲೆ ಸರಿ ಉಂಟಾ?” ಎಂದು ಬೈದರು. ಬೈಸಿಕೊಂಡೆ. ಹೊಸ ಪಟ್ಟಿ ತರಿಸಲು ಕೆಲವು ದಿನ ಬೇಕೆಂದರು.

ಅಧ್ಯಕ್ಷರಿಗೆ ಫೋನ್ ಮಾಡಿದೆ. “ರಿಪೇರಿ ಮಾಡಿಸಿ. ಚಾಲೂ ಮಾಡಬೇಡಿ,” ಎಂದರು.

“ಚಾಲೂ ಮಾಡದೆ ರಿಪೇರಿ ಆಗಿದೆ ಅಂತ ಗೊತ್ತಾಗುವುದು ಹೇಗೆ?”

“ಅದು ನೀವು ನೋಡಿಕೊಳ್ಳಿ,” ಎಂದು ಇಟ್ಟುಬಿಟ್ಟರು.

ನೋಡಿಕೊಂಡೆ. ಪಟ್ಟಿ ಬಂದ ದಿನ ಅಲ್ಲಿಯೇ ಅಂಗಡಿಯ ಹಿಂದೆ, ಹಲಸಿನ ಬೊಡ್ಡೆಯೊಂದರ ಮೇಲೆ ನಾನೇ ಓಡಿಸಿದೆ. ಬಾರಿನ ತುದಿಯನ್ನು ರಟ್ಟಿನ ಹತ್ತಿರ ಹಿಡಿದು ಎಣ್ಣೆ ಸಿಡಿಯುತ್ತದೆಯೇ ನೋಡಿದೆ. ಎಕ್ಸಿಲರೇಟರ್ ಬಿಟ್ಟಾಗ ಚೈನ್ ನಿಲ್ಲುತ್ತದೆಯೇ ನೋಡಿದೆ. ಮತ್ತೆ ಪೂರ್ತಿ ವೇಗದಲ್ಲಿ ತಡೆಯನ್ನು ಮಣಿಕಟ್ಟಿನಿಂದ ತಳ್ಳಿದೆ. ಟಕ್. ನಿಂತಿತು. ಮನಸ್ಸಿಗೆ ಹಿತವಾಯಿತೆಂದು ಇನ್ನೊಮ್ಮೆ, ಮತ್ತೊಮ್ಮೆ ಮಾಡಿ ನೋಡಿದೆ. ಕಾರ್ಕಳದಲ್ಲಿ ಅದು ಬರೀ ಒಂದು ಮೆಷಿನ್ ಶಬ್ದ. ಯಾರೂ ತಿರುಗಿ ನೋಡಲಿಲ್ಲ.

ಬರುವಾಗ ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿಯಲು ನಿಂತೆ. ಗೋಣಿಯಲ್ಲಿ ಸುತ್ತಿ ಸ್ಕೂಟರಿಗೆ ಕಟ್ಟಿದ್ದ ಮೆಷಿನ್ನಿನ ಬಾರ್ ಹೊರಗೆ ಚಾಚಿತ್ತು. ನಮ್ಮೂರಿನ ಬಸ್ ಕಂಡಕ್ಟರ್ ಒಬ್ಬರು ಎದುರು ಬಂದರು. ನಮಸ್ಕಾರವಿಲ್ಲ, ಊಟ ಆಯಿತಾ ಎಂದಿಲ್ಲ. ಗೋಣಿಯನ್ನು ನೋಡಿ ಒಂದೇ ಮಾತು ಕೇಳಿದರು: “ಯಾರು?”

“ಯಾರೂ ಇಲ್ಲ. ರಿಪೇರಿ ಮಾಡಿ ಓಡಿಸಿ ನೋಡಿದ್ದಷ್ಟೇ.”

ಅವರ ಮುಖ ಸಪ್ಪಗಾಯಿತು. “ಓಡಿಸಿದ್ರಾ?” ಎಂದರು. ಚಹಾ ಹೇಳಿದ್ದವರು ಕುಡಿಯದೆ ಹೋದರು.

ಮರುದಿನ ಬೆಳಿಗ್ಗೆ ಊರಿನ ಬಸ್ ಡ್ರೈವರ್ ಒಬ್ಬರ ತಾಯಿ ತೀರಿಕೊಂಡರು. ಆ ಕಂಡಕ್ಟರ್ ಇರುವ ಬಸ್ಸಿನ ಡ್ರೈವರೇ ಅವರು. ಹಿಂದಿನ ದಿನ ಸಂಜೆ ಆ ಅಮ್ಮ ಪತ್ರೊಡೆ ಮಾಡಿ ಪಕ್ಕದ ಮನೆಗೂ ಕೊಟ್ಟಿದ್ದರಂತೆ. ಬೆಳಿಗ್ಗೆ ಸ್ನಾನ ಮಾಡಿ ಬಂದು ಕುರ್ಚಿಯಲ್ಲಿ ಕುಳಿತವರು ಏಳಲಿಲ್ಲ. ಸುದ್ದಿ ಕೇಳಿದಾಗ ಮೊದಲು ನೆನಪಾದದ್ದು ಹಿಂದಿನ ದಿನ ಮೆಷಿನ್ ಓಡಿಸಿದ್ದು. ವಯಸ್ಸಾಗಿತ್ತು, ರಕ್ತದೊತ್ತಡ ಇತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳಬೇಕಾಯಿತಲ್ಲ, ಅದೇ ನನಗೆ ಸಿಟ್ಟು.

ಮೆಷಿನ್ ಹಿಡಿದುಕೊಂಡು ಮೇಸ್ತ್ರಿಯೊಂದಿಗೆ ಆ ಮನೆಯ ಅಂಗಳಕ್ಕೆ ಕಾಲಿಟ್ಟಾಗ ಎಲ್ಲರೂ ಮೆಷಿನ್ನಿನ ಕಡೆಗೇ ತಿರುಗಿದರು. ಪಡುವಣದಲ್ಲಿ ಮೋಡ ಕಪ್ಪಾಗಿತ್ತು. ಬೇಲಿಯ ಹತ್ತಿರ ಇನ್ನೊಂದು ಚೈನ್‌ಸಾ ಇಟ್ಟಿದ್ದರು, ಉಚ್ಚಿಲದ ಕಡೆಯಿಂದ ಬಾಡಿಗೆಗೆ ತಂದದ್ದು. ಕಂಡಕ್ಟರ್ ನನ್ನ ಮುಖ ನೋಡಲಿಲ್ಲ. ಅಧ್ಯಕ್ಷರು ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ನಮ್ಮದು ಬೇಡ. ಇವರ ಮನಸ್ಸಿಗೆ ಸರಿ ಬರುವುದಿಲ್ಲ. ಮೇಸ್ತ್ರಿ ಅದರಲ್ಲಿ ಕಡಿಯಲಿ,” ಎಂದರು.

ಬಾಡಿಗೆಯ ಮೆಷಿನ್ನನ್ನು ಎತ್ತಿ ನೋಡಿದೆ. ಮುಂದಿನ ತಡೆ ಮುರಿದಿತ್ತು. ಮುರಿದದ್ದನ್ನು ತಂತಿ ಬಿಗಿದು ಹಿಡಿಗೆ ಕಟ್ಟಿದ್ದರು, ಗಲಗಲ ಅನ್ನಬಾರದು ಎಂದು ಇರಬೇಕು. ಬ್ರೇಕ್ ಎಂಬುದೇ ಇರಲಿಲ್ಲ.

“ಇದನ್ನು ಅವನ ಕೈಗೆ ಕೊಡುವುದಿಲ್ಲ,” ಎಂದೆ.

ಮೇಸ್ತ್ರಿ ನನ್ನ ಅಂಗಿ ಎಳೆದ. “ನಡೀತದ ಬಿಡ್ರಿ ಅಣ್ಣಾರ. ಮಂದಿ ಕಾಯಾಕತ್ಯಾರ. ಜ್ವಾಕಿಲೆ ಮಾಡ್ತೀನಿ.”

“ನೀನು ಸುಮ್ಮನಿರು ಮಾರಾಯ.”

ಅಷ್ಟರಲ್ಲಿ ಸತ್ತವರ ಮಗ ಎದುರು ಬಂದರು. ಒದ್ದೆ ಬಟ್ಟೆ, ಕೆಂಪು ಕಣ್ಣು. ನಾವು ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. “ಅಣ್ಣ, ಒಂದು ಮಾತು ಕೇಳ್ತೇನೆ. ನಿನ್ನೆ ಕಾರ್ಕಳದಲ್ಲಿ ಆ ಮೆಷಿನ್ ಓಡಿಸಿದ್ದು ಹೌದಾ?”

ಇಲ್ಲ ಎನ್ನಬಹುದಿತ್ತು. ಅಧ್ಯಕ್ಷರು ಕಣ್ಣಿನಲ್ಲೇ ಇಲ್ಲವೆನ್ನು ಎಂದು ಸೂಚಿಸುತ್ತಿದ್ದರು. ಇಲ್ಲವೆಂದರೆ ನಮ್ಮ ಮೆಷಿನ್ನೂ ಸರಿಹೋಗುತ್ತಿತ್ತು, ನಾನೂ ಬಚಾವು. ಆದರೆ ಸುಳ್ಳು ಹೇಳಿ ಆ ದಿನ ಉಳಿದರೆ ಮತ್ತೆ ಮೆಷಿನ್ ಶೆಡ್ಡಿಗೆ ಹೋಗುತ್ತದೆ, ಮತ್ತೆ ತುಕ್ಕು, ಮತ್ತೆ ಇದೇ ಮನುಷ್ಯನ ತೊಡೆ. ನನಗೆ ಒಮ್ಮೆಲೇ ಎಲ್ಲರ ಮೇಲೂ ರೇಗಿಹೋಯಿತು.

“ಹೌದು, ಓಡಿಸಿದ್ದೇನೆ. ಓಡಿಸಿದ್ದರಿಂದಲೇ ಇವತ್ತು ಇದರ ಬ್ರೇಕ್ ಹಿಡಿಯುತ್ತದೆ. ಅಮ್ಮ ಹೋದದ್ದಕ್ಕೆ ನನಗೂ ಸಂಕಟ ಉಂಟು. ಆದರೆ ಒಬ್ಬರು ಹೋದರು ಅಂತ ಇವನನ್ನೂ ಕಳಿಸಲಿಕ್ಕೆ ನನ್ನಿಂದ ಆಗುವುದಿಲ್ಲ. ಇವನಿಗೂ ಮಕ್ಕಳಿದ್ದಾರೆ. ಬೇಕಾದರೆ ಕೊಡಲಿ ಕೊಡಿ, ನಾನೇ ಕಡೀತೇನೆ.”

ಯಾರೋ ಹಿಂದಿನಿಂದ, “ಎಂತ ಮನುಷ್ಯ ಇವ,” ಎಂದರು. ಮಗ ನನ್ನನ್ನೇ ನೋಡುತ್ತಾ ನಿಂತರು. ಹೊಡೆಯುತ್ತಾರೆ ಎಂದುಕೊಂಡೆ. ಮಳೆಯ ಮೊದಲ ಹನಿಗಳು ಬಿದ್ದವು.

“ಕಡಿಯಿರಿ,” ಎಂದರು. “ನಿಮ್ಮದರಲ್ಲೇ ಕಡಿಯಿರಿ.” ತಿರುಗಿ ಒಳಗೆ ಹೋದರು.

ಮರ ಬಚ್ಚಲುಮನೆಯ ಹಿಂದಿತ್ತು. ಬೀಳಬೇಕಾದ ದಿಕ್ಕಿಗೆ ಬಾಯಿ ತೆಗೆದು, ಹಿಂದಿನಿಂದ ಕೊಯ್ದು, ಹಗ್ಗ ಕಟ್ಟಿ ಎಳೆದೆವು. ಗದ್ದೆಯ ಕಡೆಗೆ ಸರಿಯಾಗಿಯೇ ಬಿತ್ತು. ಮೇಸ್ತ್ರಿ ಹೆಲ್ಮೆಟ್ ಹಾಕಿಕೊಂಡು, ಕಾಲು ಅಗಲಿಸಿ ನಿಂತು ತುಂಡು ಮಾಡತೊಡಗಿದ. ಮಳೆ ಜೋರಾಗುತ್ತಿತ್ತು. ಯಾರೂ ಹತ್ತಿರ ಬರಲಿಲ್ಲ, ಎಲ್ಲರೂ ಮಾಡಿನ ಕೆಳಗೆ ನಿಂತು ನಮ್ಮನ್ನೇ ನೋಡುತ್ತಿದ್ದರು. ಏನೋ ಆಗಲಿ ಎಂದು ಕಾಯುತ್ತಿದ್ದ ಹಾಗೆ ನನಗೆ ತೋರಿತು. ಅದು ನನ್ನ ಭ್ರಮೆಯೂ ಇರಬಹುದು.

ಬುಡದ ಹತ್ತಿರದ ದಪ್ಪ ತುಂಡಿನಲ್ಲಿ ಅದು ಆಯಿತು. ಯಾವ ಕಾಲದಲ್ಲೋ ಬಟ್ಟೆ ಒಣಗಿಸುವ ತಂತಿ ಕಟ್ಟಲು ಹೊಡೆದ ಕಬ್ಬಿಣದ ಕೊಕ್ಕೆಯನ್ನು ಮರ ನುಂಗಿಕೊಂಡಿತ್ತು. ಹೊರಗೆ ಸುಳಿವೇ ಇರಲಿಲ್ಲ. ಬಾರಿನ ಮೂತಿ ಅದಕ್ಕೆ ಬಡಿಯಿತು. ಕಿಡಿ ಹಾರಿದ್ದು ಕಂಡೆ. ಮೆಷಿನ್ ಅವನ ಕೈಯಲ್ಲಿ ಎದ್ದು ನಿಂತು ಮುಖದ ಕಡೆಗೆ ತಿರುಗಿದ್ದು ಕಂಡೆ. ಕೂಗಲು ಕೂಡ ಹೊತ್ತು ಸಿಗಲಿಲ್ಲ.

ಟಕ್.

ಚೈನ್ ನಿಂತಿತ್ತು. ಬಾರ್ ಅವನ ಕುತ್ತಿಗೆಗೆ ಒರಗಿ ನಿಂತಿತ್ತು. ಇಂಜಿನ್ ಮಾತ್ರ ಏನೂ ಆಗಿಲ್ಲವೆಂಬಂತೆ ಗುರುಗುಟ್ಟುತ್ತಿತ್ತು. ನಾನು ಓಡಿಹೋಗಿ ಸ್ವಿಚ್ ಆರಿಸಿದೆ. ಮೆಷಿನ್ ತೆಗೆದಾಗ ಅವನ ಕುತ್ತಿಗೆಯ ಬದಿಯಲ್ಲಿ ಚೈನಿನ ಹಲ್ಲುಗಳ ಕಪ್ಪು ಎಣ್ಣೆಗುರುತು ಸಾಲಾಗಿ ಮೂಡಿತ್ತು. ರಕ್ತ ಇರಲಿಲ್ಲ. ಅವನು ಕೆಸರಿನಲ್ಲೇ ಕುಳಿತ. ಈ ಸಲ ನಗಲಿಲ್ಲ. ನಾನು ಅವನ ಪಕ್ಕ ಕುಳಿತು ಅತ್ತೆ. ನಾಚಿಕೆಯೇನೂ ಆಗಲಿಲ್ಲ.

ಮಾಡಿನ ಕೆಳಗಿನಿಂದ ಬಂದವರು ಒಬ್ಬರೇ, ಸತ್ತವರ ಮಗ. ತಮ್ಮ ಹೆಗಲ ಬೈರಾಸಿನಿಂದ ಅವನ ಕುತ್ತಿಗೆಯ ಎಣ್ಣೆ ಒರೆಸಿದರು. ಒರೆಸಿದಷ್ಟೂ ಹರಡಿತು. ಉಳಿದ ತುಂಡುಗಳನ್ನು ಕೊಡಲಿಯಲ್ಲಿ ಕಡಿಯಲು ಅವರ ಕಡೆಯವರೇ ಕೈ ಹಾಕಿದರು.

ಉತ್ತರಕ್ರಿಯೆ ಮುಗಿದ ಮೇಲೆ ಅವರು ಸಮಿತಿಯ ಸಭೆಗೆ ಬಂದರು. “ಮೆಷಿನ್ನನ್ನು ತಿಂಗಳಿಗೊಮ್ಮೆ ಓಡಿಸಿ,” ಎಂದರು. “ನಾನು ಕಣ್ಣಾರೆ ಕಂಡಿದ್ದೇನೆ. ಬೇಡ ಅನ್ನುವವರು ಮೇಸ್ತ್ರಿಯ ಹೆಂಡತಿಯ ಎದುರು ಹೇಳಿ.” ಯಾರೂ ಬೇಡವೆನ್ನಲಿಲ್ಲ. ನಾನು ಗೆದ್ದೆನೆಂದೇ ತಿಳಿದೆ. ಆಗ ಅವರು ನನ್ನ ಕಡೆ ತಿರುಗಿ, ತುಸು ಸಂಕೋಚದಿಂದ ಹೇಳಿದರು: “ಅಣ್ಣ, ಓಡಿಸುವ ಹಿಂದಿನ ದಿನ ನನಗೊಂದು ಫೋನ್ ಮಾಡಿ. ಅಪ್ಪನನ್ನು ಮಣಿಪಾಲಕ್ಕೆ, ತಂಗಿಯ ಮನೆಗೆ ಬಿಟ್ಟು ಬರ್ತೇನೆ. ಒಂದು ದಿನದ ಮಟ್ಟಿಗೆ.”

ಇನ್ನೊಬ್ಬರು, “ನನಗೂ ಒಂದು ಮೆಸೇಜ್ ಹಾಕಿ,” ಎಂದರು. ಅಧ್ಯಕ್ಷರು ತಮಗೂ ಎಂದರು. ಹೀಗೆ ನಿಯಮವಾಯಿತು. ಮೊದಲ ಸಲ ಓಡಿಸಿದ ದಿನ ಊರಿನ ಹಿರಿಯರೆಲ್ಲ ಉಡುಪಿ, ಮಣಿಪಾಲ, ಕಾರ್ಕಳದ ನೆಂಟರ ಮನೆಗಳಲ್ಲಿದ್ದರು. ಮೆಷಿನ್ ಖಾಲಿ ಬೀದಿಗಳಿಗೆ ಕೇಳಿಸುವಂತೆ ಕೂಗಿತು. ಯಾರೂ ಸಾಯಲಿಲ್ಲ. ಎರಡನೆಯ ಸಲಕ್ಕೆ ನಾನು ಫೋನ್ ಮಾಡಲು ಕುಳಿತಿದ್ದಾಗ ಮೇಸ್ತ್ರಿ ಅಂಗಳಕ್ಕೆ ಬಂದು ನಿಂತ.

“ಅಣ್ಣಾರ, ಈ ತಿಂಗಳ ಮಷಿನ್ ಚಾಲೂ ಮಾಡಬ್ಯಾಡ್ರಿ.”

“ಎಂತಕ್ಕೆ?”

“ಊರಿಂದ ನಮ್ಮವ್ವ ಬಂದಾಳ್ರಿ. ಕಣ್ಣಿನ ಆಪರೇಶನ್ ಆಗೇತಿ. ಕಣ್ಣು ಮಾಯೂ ತನಕ ಇಲ್ಲೇ ಇರ್ತಾಳ. ಆಕಿನ್ನ ಕಳಸಾಕ ನನಗ ಇಲ್ಲೆ ಬ್ಯಾರೆ ಮನಿ ಇಲ್ಲಲ್ರಿ.”

ನನಗೆ ಕೋಪ ನೆತ್ತಿಗೇರಿತು. “ನಿನಗೆ ಬುದ್ಧಿ ಉಂಟಾ? ಓಡಿಸದೆ ಇಟ್ಟದ್ದಕ್ಕೆ ನಿನ್ನ ತೊಡೆ ಹೋಗುತ್ತಿತ್ತು. ಓಡಿಸಿದ್ದಕ್ಕೆ ನಿನ್ನ ಕುತ್ತಿಗೆ ಉಳಿಯಿತು. ಊರಿಡೀ ಹೇಳಲಿ, ನೀನು ಹೇಳುವುದಾ? ಅದು ನಿನ್ನ ಕುತ್ತಿಗೆ ಮಾರಾಯ!”

ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಹೇಳಿದ: “ಖರೇ ಅದರಿ. ಕುತ್ತಿಗಿ ನಂದು. ಆಕಿ ನಮ್ಮವ್ವರಿ.”

ಆಗಲಿ ಎಂದೆ. ಆ ತಾಯಿಯ ಕಣ್ಣು ನಿಧಾನಕ್ಕೆ ಮಾಯುತ್ತಿದೆ, ಇನ್ನೊಂದು ಕಣ್ಣಿಗೂ ಆಪರೇಷನ್ ಆಗಬೇಕಂತೆ. ಮಳೆ ಬಿಟ್ಟಿಲ್ಲ. ಮೆಷಿನ್ ಶೆಡ್ಡಿನಲ್ಲಿದೆ, ಅದರ ಬ್ರೇಕ್ ಈಗ ಹೇಗಿದೆಯೋ ನನಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಲು ಅದನ್ನು ಓಡಿಸಬೇಕು. ಬೆಳಿಗ್ಗೆ ಎದ್ದ ತಕ್ಷಣ ಮೊಬೈಲ್ ತೆಗೆದು ಸಾವಿನ ಸುದ್ದಿ ಇಲ್ಲವೆಂದು ನೋಡಿಕೊಳ್ಳುತ್ತೇನೆ. ದೇವರನ್ನು ಅಷ್ಟಾಗಿ ನಂಬದ ನಾನು, ಇವತ್ತೊಂದು ದಿನ ಈ ಊರಿನಲ್ಲಿ ಯಾರೂ ಸಾಯದಿರಲಪ್ಪಾ ಎಂದು ಕೈಮುಗಿದೇ ಕೆಲಸಕ್ಕೆ ಹೊರಡುತ್ತೇನೆ.